ಗುಂಡಿಯ ಮೇಲೆ ನಿಂತ ಓಬಳಯ್ಯ

ಓಬಳಯ್ಯ ಹೋಗಿ ಇವತ್ತಿಗೆ ಹನ್ನೊಂದು ದಿನ. ತಿಥಿ ಊಟಕ್ಕೆ ಮಧುಗಿರಿ ಪೇಟೆಯ ಅರ್ಧ ಜನ ಬಂದಿದ್ದರು. ಎಲೆ ಮುಂದೆ ಕೂತವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. ಎಂಥಾ ಕೈ, ಎಂಥಾ ಕಣ್ಣು, ಅವನು ಕೊಯ್ದ ಹಲಗೆಯ ಮೇಲೆ ನೀರು ಹಾಕಿದರೆ ಎತ್ತ ಹರಿಯಬೇಕೆಂದು ತಿಳಿಯದೆ ನಿಂತಲ್ಲೇ ನಿಲ್ಲುತ್ತಿತ್ತು, ಅಂತ. ನಾನು ಪಾಯಸಕ್ಕೆ ಬಾಳೆಹಣ್ಣು ಹಿಸುಕುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಆ ಗರಗಸದ ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದರು ಅಂತ ಒಬ್ಬನಾದರೂ, ಒಬ್ಬ ಮಹಾನುಭಾವನಾದರೂ ಕೇಳಲಿಲ್ಲ.

ಹಿಡಿದಿದ್ದವನು ನಾನು, ಕದರಪ್ಪ. ಇಪ್ಪತ್ತು ವರ್ಷ ಗುಂಡಿಯಲ್ಲಿ, ಹತ್ತು ವರ್ಷ ಮರದ ಮಂಡಿಯಲ್ಲಿ. ಓಬಳಯ್ಯನಿಗೆ ಓದು ಬರಹ ಬರುತ್ತಿರಲಿಲ್ಲ, ಹೆಬ್ಬೆಟ್ಟು. ನನಗೆ ಕೂಲಿ ಮಠದಲ್ಲಿ ಕಲಿತ ನಾಲ್ಕಕ್ಷರ ಉಂಟು. ಹಾಗಾಗಿ ಅವನ ಕಥೆಯನ್ನು ನಾನೇ ಬರೆಯಬೇಕು. ಹೊಗಳುವವರ ಕೈಗೆ ಬಿಟ್ಟರೆ ಅವನನ್ನು ದೇವರ ಪಟದ ಪಕ್ಕದಲ್ಲಿ ನೇತು ಹಾಕಿಬಿಡುತ್ತಾರೆ.

ಮರ ಕೊಯ್ಯುವ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಆಳುದ್ದ ಗುಂಡಿ ತೋಡಿ, ಅದರ ಬಾಯಿಗೆ ಅಡ್ಡಲಾಗಿ ದಿಮ್ಮಿಯನ್ನು ಮಲಗಿಸುತ್ತೇವೆ. ಒಬ್ಬ ದಿಮ್ಮಿಯ ಮೇಲೆ ಹತ್ತಿ ನಿಲ್ಲುತ್ತಾನೆ, ಇನ್ನೊಬ್ಬ ಗುಂಡಿಗೆ ಇಳಿಯುತ್ತಾನೆ. ಉದ್ದನೆಯ ಗರಗಸದ ಒಂದೊಂದು ಹಿಡಿ ಒಬ್ಬೊಬ್ಬರ ಕೈಯಲ್ಲಿ. ಮೇಲಿನವನು ಗೆರೆ ನೋಡಿಕೊಂಡು ಗರಗಸವನ್ನು ಎತ್ತಿಕೊಡುತ್ತಾನೆ. ಮರ ಕೊಯ್ಯುವುದು ಕೆಳಗಿನವನು ಎಳೆದಾಗ. ಅಂದರೆ ಕೊಯ್ಯುವವನು ನಾನು, ನೋಡುವವನು ಅವನು. ಗಾಳಿ ಬೆಳಕು ಅವನಿಗೆ, ಕಣ್ಣು ಮೂಗು ಬಾಯಿಗೆಲ್ಲ ಮರದ ಹುಡಿ ನನಗೆ. ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಿದ್ದದ್ದೂ ಮೇಲಿದ್ದವನನ್ನೇ. ಗುಂಡಿಯೊಳಗೆ ಒಂದು ಜೀವ ಇದೆಯೆಂದು ನಾನು ಕೆಮ್ಮಿದರೆ ಮಾತ್ರ ತಿಳಿಯುತ್ತಿತ್ತು.

ಮೊದಲ ದಿನ ಅವನು ಮೇಲೆ ಹತ್ತಿದ್ದು ನನಗಿಂತ ಎರಡು ವರ್ಷ ದೊಡ್ಡವನೆಂದು. ಆಮೇಲೆ ಇಳಿಯಲೇ ಇಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ಸಲ ಅವನೇ "ಇವತ್ತು ನೀನ್ ಹತ್ಲಾ ಕದ್ರಾ, ನಾನ್ ಕೆಳಕ್ಕಿಳೀತೀನಿ" ಅಂದ. ಹತ್ತಿದೆ. ಎದೆಯುಬ್ಬಿಸಿಕೊಂಡು ನಿಂತೆ. ಅರ್ಧ ಗಂಟೆಗೆ ಗೆರೆ ತಪ್ಪಿ, ಒಳ್ಳೆಯ ಬೇವಿನ ದಿಮ್ಮಿ ಹಾವು ಹರಿದ ಹಾಗೆ ಕೊಯ್ದುಹೋಯಿತು. ಅವನು ಬೈಯಲಿಲ್ಲ, ನಗಲೂ ಇಲ್ಲ. "ಮರ ಗಂಟೈತೆ ಬುಡು" ಅಂದ. ಆ ದಿಮ್ಮಿಯಲ್ಲಿ ಒಂದು ಗಂಟೂ ಇರಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಇಷ್ಟಾದರೂ ನನ್ನ ಹತ್ತಿರ ಒಂದು ವಿದ್ಯೆ ಇತ್ತು, ಅವನ ಹತ್ತಿರ ಇಲ್ಲದ್ದು. ಗರಗಸದ ಹಲ್ಲು.

ಹಲ್ಲಿಗೆ ಅರ ಹಾಕಿ ಚೂಪು ಮಾಡಿದರೆ ಮುಗಿಯಲಿಲ್ಲ. ಬಾಯಿ ಸೀಳಿದ ಕಬ್ಬಿಣದ ತುಂಡಿಗೆ ಒಂದೊಂದೇ ಹಲ್ಲನ್ನು ಸಿಕ್ಕಿಸಿ, ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಕೂದಲೆಳೆಯಷ್ಟು ವಾಲಿಸಬೇಕು. ಆಗ ಗರಗಸ ತನ್ನ ಮೈ ದಪ್ಪಕ್ಕಿಂತ ಅಗಲವಾಗಿ ಸಂದು ಬಿಡಿಸಿಕೊಂಡು ಹೋಗುತ್ತದೆ. ಹಲ್ಲು ನೆಟ್ಟಗಿದ್ದರೆ ಕೆಟ್ಟಿತು. ತಾನು ಕೊಯ್ದ ಸಂದಿಯಲ್ಲೇ ಸಿಕ್ಕಿಕೊಂಡು, ಮರಕ್ಕೆ ಉಜ್ಜಿ ಉಜ್ಜಿ, ಮುಟ್ಟಲಾರದಷ್ಟು ಕಾಯುತ್ತದೆ. ಈ ಕೆಲಸವನ್ನು ನಾನು ಯಾರ ಕಣ್ಣಿಗೂ ಬೀಳಿಸುತ್ತಿರಲಿಲ್ಲ. ಹಲ್ಲು ನೋಡುವ ದಿನ ಗುಂಡಿಯ ಆಚೆಗಿದ್ದ ಹೊಂಗೆ ಮರದ ಹಿಂದೆ ಹೋಗಿ, ಗುಂಡಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಓಬಳಯ್ಯ ದಿಮ್ಮಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಮುಗಿದ ಮೇಲೆ ಆ ಕಬ್ಬಿಣದ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೇ ಒಯ್ಯುತ್ತಿದ್ದೆ. ಗೆರೆ ಅವನದಾದರೆ ಹಲ್ಲು ನನ್ನದು. ಅದೊಂದನ್ನೂ ಅವನು ಕಲಿತುಬಿಟ್ಟರೆ ನನ್ನ ಪಾಲಿಗೆ ಏನು ಉಳಿಯುತ್ತಿತ್ತು?

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ನವರಾತ್ರಿಗೆ ಮುಂಚೆ ನಮ್ಮ ಬಾಳಿಗೆ ಆ ಇಂಜನ್ ಬಂತು. ಮರದ ಮಂಡಿ ಸಾಹುಕಾರ ವೀರಭದ್ರಯ್ಯನವರು ಘಟ್ಟದ ಕಡೆಯ ಯಾವುದೋ ಕಾಫಿ ತೋಟದವರು ಬೇಡವೆಂದು ಮಾರಿದ ಹಳೇ ಆಯಿಲ್ ಇಂಜನ್ನನ್ನೂ, ಅದರ ಜೊತೆಗೆ ಬಂಡಿ ಚಕ್ರದಂಥ ದುಂಡು ಗರಗಸವನ್ನೂ ಕೊಂಡು ತಂದರು. ತುಮಕೂರು ಸ್ಟೇಷನ್ನಿನಿಂದ ಕೊರಟಗೆರೆ ದಾಟಿ ಎರಡು ಗಾಡಿಯ ಮೇಲೆ ಬಂದಾಗ ಪೇಟೆಗೆ ಪೇಟೆಯೇ ಹಿಂದೆ ಬಿದ್ದಿತ್ತು. ನಾನೂ ಹೋಗಿದ್ದೆ. ನಾವಿಬ್ಬರು ಎರಡು ದಿನ ಕೊಯ್ಯುವ ದಿಮ್ಮಿಯನ್ನು ಅದು ಒಂದು ಗಳಿಗೆಯಲ್ಲಿ ಕೊಯ್ಯುತ್ತದಂತೆ.

ಸಾಹುಕಾರರು ಎಲ್ಲರ ಎದುರಿಗೆ ಓಬಳಯ್ಯನ ಹೆಗಲ ಮೇಲೆ ಕೈ ಹಾಕಿದರು. "ಓಬಳಯ್ಯ, ಮಿಷನ್ನು ನೋಡ್ಕೊಳ್ಳೋನು ನೀನೇ. ಗೆರೆ ಹಿಡಿದು ಹೋಗೋ ಕಣ್ಣು ಈ ಊರಲ್ಲಿ ನಿನಗೊಬ್ಬನಿಗೆ ಇರೋದು" ಎಂದರು. ಆಮೇಲೆ ನನ್ನ ಕಡೆ ನೋಡಿ ನಕ್ಕರು. "ಕದರಪ್ಪ, ಬೇಜಾರು ಮಾಡ್ಕೋಬೇಡಯ್ಯ. ಕೆಳಗೆ ಎಳೆಯೋನು ಬೇಕಾಗಿಲ್ಲ, ಇಂಜನ್ನೇ ಎಳೆಯುತ್ತೆ."

ಜನ ಗೊಳ್ಳೆಂದರು. ಓಬಳಯ್ಯ ನೆಲ ನೋಡುತ್ತಾ ನಿಂತಿದ್ದ. ಕದರಪ್ಪನೂ ಇರಲಿ ಅಂತ ಅನ್ನಬಾರದಾಗಿತ್ತಾ? ಮನೆಗೆ ಬಂದವನೇ ಊಟ ಬೇಡವೆಂದು ಮಲಗಿದೆ. ನನ್ನ ಹೆಂಡತಿ ಚಿಕ್ಕಕ್ಕನ ನಾಲಗೆಗೆ ಮೂಳೆಯಿಲ್ಲ. ಬಾಗಿಲಲ್ಲಿ ನಿಂತು, "ಏನ್ಲಾ ಇದು, ಗಂಡ ಸವತಿ ತಂದ ಅಂತ ಕೂತ್ಕಂಡೋಳಂಗೆ ಆಡ್ತೀಯ? ಎದ್ದು ಉಣ್ಣು, ಮುದ್ದೆ ಆರೋಯ್ತದೆ" ಅಂದಳು.

ನಾನು ಎದ್ದು ಉಂಡೆ. ಆದರೆ ಅವಳು ಅಂದದ್ದು ಸುಳ್ಳಲ್ಲ.

ಮಾರನೇ ದಿನ ಕಮ್ಮಾರ ನಾಗಲಿಂಗಯ್ಯನ ಕುಲುಮೆಯ ಮುಂದೆ ಹೋಗುತ್ತಿದ್ದಾಗ ಅವನು ಕೂಗಿ ಕರೆದ. ದುಂಡು ಗರಗಸ ಅವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಮಲಗಿತ್ತು.

"ನೋಡ್ ಕದ್ರಪ್ಪ, ಸಾವ್ಕಾರ್ರಿಗೆ ಯಾರೋ ಟೋಪಿ ಹಾಕವ್ರೆ. ಹಲ್ಲೆಲ್ಲ ಒಂದ್ ಆ ಕಡಿಕೆ, ಒಂದ್ ಈ ಕಡಿಕೆ. ಹಳೇ ಮಾಲು ಅಲ್ವಾ, ಸೊಟ್ಟಗಾಗೋಗವೆ. ಆಯುಧಪೂಜೆ ಒಳಗೆ ನೆಟ್ಟಗ್ ಮಾಡ್ಕೊಡು ಅಂತ ಕಳ್ಸವ್ರೆ. ನೀನು ಗರಗಸದೋನು, ಹೇಳು. ಬಡಿದು ನೆಟ್ಟಗ್ ಮಾಡ್ಬುಡ್ಲಾ?"

ನಾಗಲಿಂಗಯ್ಯ ನೇಗಿಲಿನ ಕುಳ, ಗಾಡಿಯ ಪಟ್ಟಿ ಮಾಡುವವನು. ನನ್ನ ಗರಗಸವನ್ನು ಒಂದು ದಿನವೂ ಅವನ ಕೈಗೆ ಕೊಟ್ಟವನಲ್ಲ ನಾನು. ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಬಗ್ಗಿ ನೋಡಿದೆ. ಐವತ್ತಾರು ಹಲ್ಲು. ಎಡಕ್ಕೊಂದು, ಬಲಕ್ಕೊಂದು, ಬಲು ಅಚ್ಚುಕಟ್ಟಾಗಿ ವಾಲಿಸಿದ್ದವು. ಯಾರೋ ಬಲ್ಲವನ ಕೈಕೆಲಸ. ಬೇಡ ಕಣಯ್ಯ, ಹಾಗೇ ಇರಬೇಕು ಅಂದರೆ ಮುಗಿದುಹೋಗುತ್ತಿತ್ತು.

"ಬಡಿ" ಎಂದೆ. "ಹಲ್ಲು ನೆಟ್ಟಗಿದ್ರೆ ಪೂಜೆಗಿಟ್ರೂ ಚಂದ."

ಅವತ್ತು ಸಾಯಂಕಾಲದವರೆಗೂ ಕುಲುಮೆಯಿಂದ ಟಣ್ ಟಣ್ ಅಂತ ಕೇಳುತ್ತಿತ್ತು. ನಾನು ಜಗುಲಿಯ ಮೇಲೆ ಕೂತು ಒಂದೊಂದು ಏಟನ್ನೂ ಸವಿದೆ. ಇಂಜನ್ ಕೆಡಲಿ, ಸಾಹುಕಾರರು ಅವನನ್ನು ಕಳಿಸಲಿ, ಅವನು ತಲೆ ತಗ್ಗಿಸಿಕೊಂಡು ಗುಂಡಿಗೆ ವಾಪಸು ಬರಲಿ. ನನಗೆ ಬೇಕಾಗಿದ್ದದ್ದು ಅಷ್ಟೇ. ಓಬಳಯ್ಯ ವಾಪಸು ಬರಬೇಕು, ನನ್ನ ಹತ್ತಿರ ಬರಬೇಕು.

ಆಯುಧಪೂಜೆಯ ದಿನ ಇಂಜನ್ನಿಗೆ ವಿಭೂತಿ ಬಳಿದು, ಗರಗಸಕ್ಕೆ ಹೂವು ಏರಿಸಿ, ಕುಂಬಳಕಾಯಿ ಒಡೆದರು. ವಿಜಯದಶಮಿಯ ಮಾರನೇ ದಿನ ಮೊದಲ ದಿಮ್ಮಿ ಹತ್ತಿಸಿದರು. ಓಬಳಯ್ಯ ಮೇಜಿನ ಮುಂದೆ ನಿಂತು ದಿಮ್ಮಿಯನ್ನು ತಳ್ಳಿದ. ಎರಡು ಮೊಳ ಹೋಗಿತ್ತೋ ಇಲ್ಲವೋ, ಕೊಯ್ದ ಸಂದಿನಿಂದ ಹೊಗೆ. ಇಂಜನ್ ಹೆರಿಗೆ ನೋವಿನ ಎಮ್ಮೆಯ ಹಾಗೆ ನರಳಿತು. ಇಂಜನ್ನನ್ನು ತಂಪಾಗಿಡುವ ತಣ್ಣೀರಿನ ತೊಟ್ಟಿಯಲ್ಲಿ ನೀರು ಕೊತಕೊತ ಕುದಿಯತೊಡಗಿತು. ನಿಲ್ಲಿಸಿದರು. ಆರಿದ ಮೇಲೆ ಮತ್ತೆ ಹಚ್ಚಿದರು. ಮತ್ತೆ ಕುದಿಯಿತು.

ಅಲ್ಲಿಂದ ಶುರುವಾಯಿತು ನೋಡಿ ವೈದ್ಯ. ಪೇಟೆ ಬಾವಿಯ ನೀರು ಉಪ್ಪು, ಅದಕ್ಕೇ ಕಾಯುತ್ತಿದೆ ಅಂದ ಒಬ್ಬ. ಸಿದ್ದರಬೆಟ್ಟದ ಬಂಡೆ ದೊಣೆಯಿಂದ ಗಾಡಿಯಲ್ಲಿ ಸಿಹಿನೀರು ತರಿಸಿದರು. ಸಿಹಿನೀರೂ ಕುದಿಯಿತು. ಇಂಜನ್ ಇಟ್ಟ ಮಾಡಿನ ಸೂರು ತಗ್ಗಾಯಿತು, ಗಾಳಿ ಆಡುತ್ತಿಲ್ಲ ಅಂದ ಇನ್ನೊಬ್ಬ. ಸೂರು ಕಿತ್ತರು. ಬಿಸಿಲು ಬಿದ್ದು ಇನ್ನೂ ಕಾಯಿತು. ಸಾಹುಕಾರರ ತಾಯಿ ಕರಿಬಸಮ್ಮನವರು ಕೋಲೂರಿಕೊಂಡು ಬಂದು ಇಂಜನ್ನಿನ ಮೈ ಮುಟ್ಟಿ ನೋಡಿದರು. "ಅಯ್ಯೋ ಇದಕ್ಕೆ ಉಷ್ಣ ಆಗೈತೆ ಕಣಪ್ಪ. ತಲೆಗೆ ಹರಳೆಣ್ಣೆ ಇಕ್ಕಿ, ನೀರು ಮಜ್ಜಿಗೆ ಕುಡಿಸ್ರಿ" ಅಂದರು. ಅಮ್ಮನ ಮಾತು ಮೀರುವ ಗಂಡಸು ಆ ಮನೆಯಲ್ಲಿ ಹುಟ್ಟಿಲ್ಲ. ಎರಡು ಕೊಡ ಮಜ್ಜಿಗೆ ತೊಟ್ಟಿಗೆ ಬಿತ್ತು. ಕಾದ ಮಜ್ಜಿಗೆ ಒಡೆದು, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೊಳವೆಯೆಲ್ಲ ಕಟ್ಟಿಕೊಂಡಿತು. ಮಂಡಿಯ ಮುಂದೆ ಮೂರು ದಿನ ಹುಳಿ ವಾಸನೆ. ನಾನು ಮೂಗು ಮುಚ್ಚಿಕೊಂಡು ಅದೇ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡಿದೆ.

ತುಮಕೂರಿನಿಂದ ಮಿಸ್ತ್ರಿ ಬಂದ. ಕೊಳವೆಗಳನ್ನು ಬಿಚ್ಚಿ ಮಜ್ಜಿಗೆ ತೆಗೆದ. ಗರಗಸಕ್ಕೆ ಹೋಗುವ ಬೆಲ್ಟು ಕಳಚಿ ಬರೀ ಇಂಜನ್ನನ್ನು ಓಡಿಸಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಿದರೂ ತೊಟ್ಟಿಯ ನೀರು ಬೆಚ್ಚಗೂ ಆಗಲಿಲ್ಲ. ಬೆಲ್ಟು ಹಾಕಿ ದಿಮ್ಮಿ ಕೊಟ್ಟರು, ಹದಿನೈದು ನಿಮಿಷಕ್ಕೆ ಕುದಿಯಿತು. "ಇಂಜನ್ ಬೆಣ್ಣೆಯಂಗೈತೆ ಸ್ವಾಮಿ. ಅದಕ್ಕೆ ಹೊರೆ ಬೀಳ್ತಾ ಐತೆ. ಮರ ಕೊಯ್ಯೋದು ನನ್ನ ಕಸುಬಲ್ಲ, ನಿಮ್ಮೋರನ್ನೇ ಕೇಳ್ಕಳಿ" ಅಂದು ಊಟ ಮಾಡಿ ಹೊರಟುಹೋದ. ಎಲ್ಲರೂ ಓಬಳಯ್ಯನ ಮುಖ ನೋಡಿದರು. ಅವನು ಆರಿದ ಗರಗಸದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತಿದ್ದನಂತೆ. "ಹಲ್ಲಿನ ಕೆಲಸ ಕದ್ರಪ್ಪಂದು ಸಾವ್ಕಾರ್ರೇ, ನಂಗ್ ಬರಾಕಿಲ್ಲ. ಅವನ್ನ ಕರೆಸ್ರಿ" ಅಂದನಂತೆ.

ಆದರೆ ಅಷ್ಟು ಹೊತ್ತಿಗೆ ಪೇಟೆಯಲ್ಲಿ ಇನ್ನೊಂದು ಮಾತು ಎದ್ದಿತ್ತು. ಕದರಪ್ಪನ ಕಣ್ಣು ಬಿದ್ದಿದೆ, ಅದಕ್ಕೇ ಇಂಜನ್ ಕಾಯುತ್ತಿದೆ, ಅಂತ. ದಿನಕ್ಕೆ ನಾಲ್ಕು ಸಲ ಓಡಾಡಿದರೆ ಜನ ಇನ್ನೇನು ಅಂದಾರು! ಸಾಹುಕಾರರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿ, ನಾನು ಮಂಡಿಯ ಹೊಸಿಲು ತುಳಿಯಕೂಡದೆಂದು ಅಪ್ಪಣೆ ಮಾಡಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಕಣ್ಣಿಗೆ ಅಂಥ ಶಕ್ತಿ ಇದ್ದಿದ್ದರೆ ನಾಗಲಿಂಗಯ್ಯನ ಸುತ್ತಿಗೆ ಯಾಕೆ ಬೇಕಿತ್ತು?

ಅವತ್ತು ಸಂಜೆ ಓಬಳಯ್ಯ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಮೊಳದ ಹಲಗೆ ತುಂಡು. ಅಂಚೆಲ್ಲ ಕರಿಕಟ್ಟಿತ್ತು. ಜಗುಲಿಯ ಮೇಲೆ ಕೂತು ಚಿಕ್ಕಕ್ಕ ಕೊಟ್ಟ ನೀರು ಕುಡಿದ. ಹಲಗೆಯನ್ನು ನನ್ನ ತೊಡೆಯ ಮೇಲಿಟ್ಟ.

"ನೋಡ್ಲಾ ಕದ್ರಾ."

ನೋಡುವುದೇನು, ಮೂಸಿದರೆ ಸಾಕಿತ್ತು. ಹಲ್ಲು ಕೊಯ್ದ ಮರ ಹಸಿಯಾಗಿ ಮೂಗಿಗೆ ಬಡಿಯುತ್ತದೆ, ಉಜ್ಜಿಸಿಕೊಂಡ ಮರ ಹೊಗೆ ನಾರುತ್ತದೆ.

"ಚಂದಾಗೈತೆ" ಎಂದೆ. "ಕರಿ ಅಂಚಿನ ಸೀರೆ ಇದ್ದಂಗೈತೆ."

"ತಮಾಸೆ ಬುಡು. ಸೋಮವಾರದೊಳಗೆ ಮಿಷನ್ ಸರಿಯಾಗ್ದಿದ್ರೆ ಮಂಡಿ ಕಡೆ ಕಾಲಿಕ್ಬೇಡ ಅಂದವ್ರೆ ಸಾವ್ಕಾರ್ರು. ನಿನ್ ಕೈ ಬೇಕು ಕಣ್ಲಾ."

"ಕೆಳಗೆ ಎಳೆಯೋನು ಬೇಡ ಅಂದ್ರಲ್ಲ ನಿಮ್ ಸಾವ್ಕಾರ್ರು? ಇಂಜನ್ನೇ ಎಳೀತದಂತಲ್ಲ? ಅದನ್ನೇ ಕೇಳೋಗು. ನನ್ ಕಣ್ ಬೇರೆ ಕೆಟ್ಟದಂತೆ, ಬಂದ್ರೆ ಸುಟ್ಟೋದಾತು."

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಏನೋ ಹೇಳುತ್ತಾನೆ ಅಂದುಕೊಂಡೆ. ನಾಗಲಿಂಗಯ್ಯನ ಹೆಸರು ಬಂತು, ಈಗ ಬಂತು ಅಂತ ಕಾದೆ. ಅವನು ಹಲಗೆಯನ್ನು ಅಲ್ಲೇ ಬಿಟ್ಟು, "ಗುಂಡೀಲಿ ನೀರ್ ನಿಂತ್ಕಂಡೈತೆ, ಎತ್ತಾಕ್ಸು" ಎಂದು ಎದ್ದು ಹೋದ. ಚಿಕ್ಕಕ್ಕ ಆ ಹಲಗೆಯನ್ನು ಕುಡಿಯುವ ನೀರಿನ ಗುಡಾಣದ ಮೇಲೆ ಮುಚ್ಚಿದಳು. ಬಾಯಾರಿದಾಗಲೆಲ್ಲ ಆ ಸುಟ್ಟ ಅಂಚನ್ನು ಕೈಯಲ್ಲಿ ಹಿಡಿದು ಎತ್ತಬೇಕು. ಬೇಕೆಂದೇ ಮಾಡಿದಳು ಆ ಮೂದೇವಿ.

ಭಾನುವಾರ ಬೆಳಿಗ್ಗೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮಂಡಿಯ ಹಿಂದೆ ಬೆಟ್ಟದಿಂದ ಉರುಳಿಬಂದ ದೊಡ್ಡ ಕಲ್ಲುಗುಂಡೊಂದಿದೆ. ಅದರ ಮೇಲೆ ಹತ್ತಿ ಕೂತರೆ ಸೂರು ಕಿತ್ತ ಮಾಡಿನ ಒಳಗೆಲ್ಲ ಕಾಣುತ್ತದೆ. ಹತ್ತಿ ಕೂತೆ. ನಾಳೆ ಅವನು ನನ್ನವನು ಅಂತ ಲೆಕ್ಕ ಹಾಕುತ್ತಾ ಕೂತೆ.

ಕೆಳಗೆ ಇಂಜನ್ ನರಳುತ್ತಿತ್ತು. ಓಬಳಯ್ಯ ಒಂದು ಕೈಯಿಂದ ದಿಮ್ಮಿ ತಳ್ಳುತ್ತಾ, ಇನ್ನೊಂದು ಕೈಯಿಂದ ಗರಗಸದ ಮೇಲೆ ಚೊಂಬಿನಿಂದ ನೀರು ಸುರಿಯುತ್ತಿದ್ದ. ಸುರಿದ ನೀರು ಚುರ್ ಅನ್ನುತ್ತಿತ್ತು. ಅಷ್ಟರಲ್ಲಿ ತೊಟ್ಟಿಯ ಕೊಳವೆ ಕಳಚಿಕೊಂಡಿತು. ಕುದಿಯುವ ನೀರು ಅವನ ಮೊಣಕೈಯಿಂದ ಮುಂಗೈವರೆಗೆ ಚಿಮ್ಮಿತು. ಅವನು ಇಂಜನ್ ನಿಲ್ಲಿಸಿ, ಕೈಯನ್ನು ಎದೆಗೊತ್ತಿಕೊಂಡು ದಿಮ್ಮಿಯ ಮೇಲೆ ಕುಸಿದ.

ಸಾಹುಕಾರರು ಓಡಿಬಂದರು. ಅವರು ನೋಡಿದ್ದು ಕೈಯನ್ನಲ್ಲ, ಕೊಳವೆಯನ್ನು. "ಇಪ್ಪತ್ತು ವರ್ಷ ಮರ ಕೊಯ್ದೋನು ಅಂತ ನಂಬಿ ಕೆಟ್ಟೆನಲ್ಲಯ್ಯ! ದಂಡಪಿಂಡ! ತಲೇಲಿ ಏನಿಟ್ಕೊಂಡಿದ್ದೀಯ, ಮರದ ಹುಡೀನಾ?" ಎಂದು ಕೂಗಾಡಿದರು. ಓಬಳಯ್ಯ ತಲೆ ತಗ್ಗಿಸಿ ಕೂತಿದ್ದ.

ಆಗ ನನಗೆ ಏನಾಯಿತೋ ನಾನರಿಯೆ. ಕರುಣೆ ಅಂತ ಹೇಳಿಕೊಂಡರೆ ದೊಡ್ಡ ಮನುಷ್ಯನಾಗುತ್ತೇನೆ, ಆದರೆ ಅದು ಕರುಣೆಯಲ್ಲ. ಇಪ್ಪತ್ತು ವರ್ಷ ಗುಂಡಿಯಲ್ಲಿ ನಿಂತು ಓಬಳಯ್ಯನನ್ನು ಬೈದವನು ನಾನು. ದಿನ ಬೆಳಗಾದರೆ ಅವನಿಗೆ ಶಾಪ ಹಾಕಿದವನು ನಾನು. ಅವನನ್ನು ಬೈಯುವ ಹಕ್ಕು ನನ್ನದು. ರೇಷ್ಮೆ ರುಮಾಲಿನ ಇವನ್ಯಾರು? ಸೊಂಟದಲ್ಲಿದ್ದ ಕಬ್ಬಿಣದ ತುಂಡನ್ನು ಮುಟ್ಟಿ ನೋಡಿಕೊಂಡು ಕಲ್ಲುಗುಂಡಿನಿಂದ ಜಾರಿದೆ. ಮಂಡಿಯ ಹೊಸಿಲು ದಾಟಿ ಒಳಗೆ ನಿಂತಾಗ ಮೊಣಕಾಲು ತರಚಿ ರಕ್ತ ಬರುತ್ತಿತ್ತು.

"ಯಾರಯ್ಯ ಇವನನ್ನ ಒಳಗೆ ಬಿಟ್ಟಿದ್ದು?" ಎಂದರು ಸಾಹುಕಾರರು.

"ನಾನೇ ಬಂದಿವ್ನಿ. ನಿಮ್ ಇಂಜನ್ಗೆ ಏನೂ ಆಗಿಲ್ಲ ಸಾವ್ಕಾರ್ರೇ, ಮಜ್ಜಿಗೆ ನೀವೇ ಕುಡೀರಿ. ಗರಗಸ ಬಿಚ್ಸಿ. ಬಾಯ್ ಮುಚ್ಕಂಡು ಒಂದ್ ತಾಸು ಕೂತ್ಕಳಿ. ಆಮೇಲೂ ಕಾದ್ರೆ ನನ್ ಕಣ್ ಕೀಳ್ಸಿ ಆ ತೊಟ್ಟಿಗೇ ಹಾಕ್ರಿ."

ಅವರ ಎದುರಿಗೆ ಹಾಗೆ ಮಾತಾಡಿದವರು ಪೇಟೆಯಲ್ಲಿ ಇರಲಿಲ್ಲ. ಬೆರಗಾಗಿಯೇ ಒಪ್ಪಿದರು ಅಂತ ಕಾಣುತ್ತದೆ. ಗರಗಸ ಬಿಚ್ಚಿದರು. ಓಬಳಯ್ಯನ ಕೈಗೆ ಯಾರೋ ಲೋಳೆಸರ ಹಚ್ಚಿದ್ದರು. ಸುಡದೆ ಉಳಿದಿದ್ದ ಇನ್ನೊಂದು ಕೈಯಲ್ಲಿ ಅವನೇ ಬಂದು ಗರಗಸವನ್ನು ಒತ್ತಿ ಹಿಡಿದುಕೊಂಡ. ನಾನು ಯಾರಿಗೂ ಬೆನ್ನು ಹಾಕದೆ, ಹೊಂಗೆ ಮರ ಹುಡುಕದೆ, ಎಲ್ಲರ ನಡುವೆ ಕೂತು ಒಂದೊಂದೇ ಹಲ್ಲನ್ನು ಸಿಕ್ಕಿಸಿ ವಾಲಿಸಿದೆ. ಎಡಕ್ಕೊಂದು, ಬಲಕ್ಕೊಂದು. ಐವತ್ತಾರು. ಓಬಳಯ್ಯನ ಬಿಸಿಯುಸಿರು ನನ್ನ ಕಿವಿಗೆ ತಾಗುತ್ತಿತ್ತು. ಕಲಿತುಕೋ ಮಹಾರಾಯ, ಇದನ್ನೂ ಕಲಿತುಕೋ, ಎಲ್ಲ ನಿನ್ನದೇ ಆಗಲಿ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಗರಗಸ ಹಾಕಿ ಇಂಜನ್ ಹಚ್ಚಿದರು. ದಿಮ್ಮಿ ಕೊಟ್ಟರು. ಬದನೆಕಾಯಿ ಹೆಚ್ಚಿದ ಹಾಗೆ ಹೋಯಿತು. ಹೊಗೆಯಿಲ್ಲ, ನರಳಾಟವಿಲ್ಲ, ಹಲಗೆಯ ಅಂಚು ಬೆಳ್ಳಗೆ. ಇನ್ನೊಂದು ದಿಮ್ಮಿ, ಮತ್ತೊಂದು ದಿಮ್ಮಿ. ಸಾಹುಕಾರರು ತೊಟ್ಟಿಗೆ ಬೆರಳು ಅದ್ದಿ ನೋಡಿದರು. ಆಮೇಲೆ ಮೊಣಕೈವರೆಗೂ ಅದ್ದಿದರು.

"ಹಲ್ಲು ಸೊಟ್ಟ ಇರಬೇಕಾಗಿತ್ತಾ?" ಎಂದರು ಮೆಲ್ಲಗೆ. "ನಾನೇ ಕಳಿಸಿ ನೆಟ್ಟಗೆ ಮಾಡಿಸಿದ್ನಲ್ಲಯ್ಯ! ಆ ನಾಗಲಿಂಗಯ್ಯ ಬಡಿಯೋಕೆ ಮುಂಚೆ ಬಲ್ಲೋರನ್ನ ಒಂದು ಮಾತು ಕೇಳಬಾರದಾಗಿತ್ತಾ?"

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಓಬಳಯ್ಯ ಅಡ್ಡ ಬಂದ. "ಅವ್ನು ಯಾರನ್ನ ಕೇಳ್ತಾನೆ ಸಾವ್ಕಾರ್ರೇ, ಕುಳ ಬಡಿಯೋನು. ಬುಡಿ, ಆದದ್ದಾತು. ಹಲ್ಲಿನ ಕೆಲಸಕ್ಕೆ ಮಾತ್ರ ಕದ್ರಪ್ಪ ಇರ್ಲೇಬೇಕು. ನಂಗ್ ಬರಾಕಿಲ್ಲ."

ಹೀಗೆ ನಾನೂ ಮಂಡಿ ಸೇರಿದೆ. ಎಂಟು ದಿನಕ್ಕೊಮ್ಮೆ ಹಲ್ಲು ನೋಡುವುದು, ಉಳಿದ ದಿನ ಗರಗಸದ ಹಿಂದೆ ನಿಂತು ಹಲಗೆ ಹಿಡಿದುಕೊಳ್ಳುವುದು. ಅಲ್ಲಿಯೂ ನೋಡಿ ನನ್ನ ಹಣೆಬರಹ! ಮುಂದೆ ನಿಂತು ತಳ್ಳುವವನು ಅವನು, ಹುಡಿ ತಿನ್ನುವವನು ನಾನು. ಸಿರಾದಿಂದ, ಪಾವಗಡದಿಂದ ಮರ ತಂದವರು "ಓಬಳಯ್ಯನ ಮಿಷನ್ನು" ಎಂದೇ ಕೇಳಿಕೊಂಡು ಬರುತ್ತಿದ್ದರು. ಆದರೂ ಎಂಟು ದಿನಕ್ಕೊಮ್ಮೆ ಇಂಜನ್ ನಿಲ್ಲಿಸಿ, ಮಂಡಿಯ ನಡುವೆ ಮಣೆ ಹಾಕಿ ನನ್ನನ್ನು ಕೂರಿಸುತ್ತಿದ್ದರು. ಓಬಳಯ್ಯ ಕೈಕಟ್ಟಿ ನಿಂತು ನೋಡುತ್ತಿದ್ದ. ಬಂದವರು ಯಾರಾದರೂ "ನೀನೇ ಮಾಡ್ಬಾರ್ದೇನಯ್ಯ?" ಅಂದರೆ, "ಅಯ್ಯೋ, ಅದೆಲ್ಲ ಕದ್ರಪ್ಪನ್ ವಿದ್ಯೆ. ನಮ್ಗೆಲ್ಲಿ ಬತ್ತದೆ?" ಅನ್ನುತ್ತಿದ್ದ. ಹತ್ತು ವರ್ಷ ಆ ಮಾತು ಕೇಳಿ ನಾನು ಉಬ್ಬಿದೆ. ಕುಲುಮೆಯ ಸಂಗತಿಯನ್ನು ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಅವನ ಕೈಮೇಲಿನ ಸುಟ್ಟ ಕಲೆ ಕಂಡಾಗಲೆಲ್ಲ ನುಂಗಿಕೊಂಡೆ. ಈ ಸಲದ ಆಷಾಢದಲ್ಲಿ ಮೂರು ದಿನ ಜ್ವರ ಬಂದು ಅವನು ಹೋಗಿಬಿಟ್ಟ. ಇನ್ನು ಯಾರಿಗೆ ಹೇಳಲಿ?

ಇವತ್ತು ಊಟ ಮುಗಿದು ಜನ ಕರಗಿದ ಮೇಲೆ ಅವನ ಹೆಂಡತಿ ನರಸಿಂಹಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಗೋಣಿಚೀಲದಲ್ಲಿ ಸುತ್ತಿದ ಏನನ್ನೋ ಕೈಗಿಟ್ಟಳು.

"ಇದು ನಿಮ್ಗೇ ಸೇರ್ಬೇಕು ಕದ್ರಣ್ಣ. ನಮ್ಮೋರು ಅಟ್ಟದ ಮೇಲೆ ಇಟ್ಕಂಡಿದ್ರು."

ಬಿಚ್ಚಿದೆ. ಒಂದು ಮೊಳದ ಕೈಗರಗಸ. ಅದರ ಜೊತೆ ಬಾಯಿ ಸೀಳಿದ ಕಬ್ಬಿಣದ ತುಂಡು. ನನ್ನದರ ಹಾಗೆಯೇ ಇತ್ತು, ಆದರೆ ನನ್ನದಲ್ಲ. ಹಿಡಿಯುವ ಜಾಗ ಸವೆದು ನುಣ್ಣಗಾಗಿತ್ತು. ಮೂವತ್ತು ವರ್ಷ ಆ ಕೆಲಸ ಮಾಡಿದವನು ನಾನು, ಎಷ್ಟು ವರ್ಷ ಹಿಡಿದರೆ ಕಬ್ಬಿಣ ಹಾಗೆ ಸವೆಯುತ್ತದೆಂದು ನನಗೆ ಗೊತ್ತು.

"ಇದ್ಯಾವಾಗ ಕಲಿತ ಇವ್ನು?" ಎಂದೆ.

"ಗುಂಡಿ ಕಾಲದಲ್ಲೇ ಕಣಣ್ಣ. ನೀವು ಹೊಂಗೆ ಮರದ ಹಿಂದಕ್ಕೋಗಿ ಕೂತ್ಕತಿದ್ರಂತಲ್ಲ, ದಿಮ್ಮಿ ಮೇಲಿಂದ ಎಲ್ಲಾ ಕಾಣ್ತಿತ್ತಂತೆ. ಮನೆಗೆ ಬಂದು ಇದ್ರಲ್ಲಿ ಮಾಡಿ ಮಾಡಿ ನೋಡೋರು. ಆ ಮಿಷನ್ ಕಾಯ್ತಿದ್ದಾಗ ನಾನೇ ಬೈದೆ. ನಿಂಗ್ ಬತ್ತದಲ್ಲ, ನೀನೇ ಮಾಡಿ ಬಿಸಾಕ್ಬಾರ್ದಾ, ಯಾಕಿಂಗೆ ಅನ್ನಿಸ್ಕತೀಯ ಅಂದೆ. ಸಾವ್ಕಾರ್ರನ್ನ ಮೊದ್ಲೇ ಕೇಳ್ಕಂಡಿದ್ರಂತೆ, ಕದ್ರನ್ನೂ ಕರ್ಕಳಿ ಅಂತ. ಅವ್ರು ಆಗಾಕಿಲ್ಲ ಅಂದಿದ್ರಂತೆ. ಅದಕ್ಕೆ ನಮ್ಮೋರು, ನಾನ್ ಮಾಡ್ಬುಟ್ರೆ ಅವ್ನು ಆ ಗುಂಡೀಲೇ ಉಳ್ಕತಾನೆ ಕಣೇ, ಅವ್ನಾಗೇ ಬತ್ತಾನೆ, ಬರ್ಲಿ ಅಂದ್ರು."

ನಾನು ಹಿತ್ತಲಿನ ಒರಳುಕಲ್ಲು ಹಿಡಿದುಕೊಂಡೆ. "ನಾಗಲಿಂಗಯ್ಯ ಏನಾರ ಹೇಳಿದ್ನಾ ಇವ್ನಿಗೆ?"

ನರಸಿಂಹಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಿಷನ್ ಕಾದ ಮೊದಲ್ನೇ ದಿನಾನೇ ಹೇಳಿದ್ನಂತೆ. ನಮ್ಮೋರು ಅವ್ನ ಕೈಲಿ ಆಣೆ ಹಾಕಿಸ್ಕಂಡ್ರು, ಎಲ್ಲೂ ಬಾಯಿ ಬುಡ್ಬೇಡ ಅಂತ. ಅದ್ಯಾಕೆ ಬುಡಿ ಈಗ."

ಅವಳು ಎಲೆ ಎತ್ತಲು ಒಳಗೆ ಹೋದಳು. ನಾನು ಕೈಗರಗಸವನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಹಲ್ಲಿನ ಸಾಲನ್ನು ನೋಡಿದೆ. ಒಂದಾದರೂ ತಪ್ಪು ಸಿಗಲಿ, ಒಂದು ಹಲ್ಲಾದರೂ ಹೆಚ್ಚು ಕಡಿಮೆ ವಾಲಿರಲಿ ಅಂತ ತುದಿಯಿಂದ ತುದಿಯವರೆಗೆ ಹುಡುಕಿದೆ. ಎಡದ್ದೆಲ್ಲ ಒಂದು ಸಾಲು, ಬಲದ್ದೆಲ್ಲ ಒಂದು ಸಾಲು, ನಡುವೆ ನೂಲು ಎಳೆದ ಹಾಗೆ ಸಂದು. ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಕೈಯಿಂದ ಅಷ್ಟು ಸಮ ಬಂದಿರಲಿಲ್ಲ.

"ಥೂ ನಿನ್ನ, ಇದ್ರಲ್ಲೂ ನೀನೇ ಮೇಲೆ ನಿಂತ್ಕಂಡಿದ್ಯಲ್ಲೋ ಓಬ್ಳಾ" ಎಂದು ಗಟ್ಟಿಯಾಗಿ ಬೈದು, ಅಲ್ಲೇ ಒರಳಿನ ಪಕ್ಕದಲ್ಲಿ ಕೂತು ಅತ್ತೆ.